ಗುಂಟೆಗೆ ಎಷ್ಟು ಬಿತ್ತನೆ ರಾಗಿ?

ಮುಂಗಾರಿನ ಹದ ಬಿದ್ದೊಡನೆ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಗಳ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: ಈ ಹೊಲಕ್ಕೆ ಎಷ್ಟು ರಾಗಿ ಬೇಕು? ಹಿರಿಯರ ಕಾಲದಲ್ಲಿ ಬಿತ್ತುವ ಕೈಗೇ ಅಳತೆ ತಿಳಿದಿರುತ್ತಿತ್ತು. ಇಂದು ಎಷ್ಟೋ ಮನೆಗಳಲ್ಲಿ ಪಾಲಾಗಿ ಹತ್ತು ಹದಿನೈದು ಗುಂಟೆಗಳಷ್ಟೇ ಉಳಿದಿವೆ. ಕೈಯ ಅಭ್ಯಾಸವೂ ತಪ್ಪಿದೆ.

ನಾವೂ ಇದಕ್ಕೆ ಹೊರತಲ್ಲ. ಒಂದು ವರ್ಷ ನಮ್ಮ ಹತ್ತು ಗುಂಟೆಗೆ, ಕಡಿಮೆಯಾಗದಿರಲೆಂದು, ಮೂರು ಕಿಲೋ ರಾಗಿಯನ್ನು ಚೆಲ್ಲಿಬಿಟ್ಟೆವು. ಪೈರು ಜಮಖಾನೆ ಹಾಸಿದಂತೆ ಎದ್ದಿತು, ನೋಡಿದವರೆಲ್ಲ ಹೊಗಳಿದರು. ಹುಟ್ಟಿದ ಪೈರನ್ನು ಕಿತ್ತು ತೆಳುವು ಮಾಡಲು ನಮಗೆ ಮನಸ್ಸು ಬರಲಿಲ್ಲ. ಬಳಿಕ ಮಳೆ ಮೂರು ವಾರ ತಡೆಯಿತು. ಇದ್ದ ಅಲ್ಪ ತೇವಕ್ಕೆ ಪೈರುಗಳು ಪೈಪೋಟಿಗೆ ಬಿದ್ದು ಎಲ್ಲವೂ ಸೊರಗಿದವು. ತೆಂಡೆ ಒಡೆಯಲಿಲ್ಲ, ತೆನೆ ತುಂಬಲಿಲ್ಲ. ಆ ವರ್ಷ ಮನೆಯ ಮುದ್ದೆಗೆ ಅಂಗಡಿಯ ರಾಗಿಯನ್ನೇ ತರಬೇಕಾಯಿತು.

ಅಂದಿನಿಂದ ನಾವು ಕಲಿತ ಲೆಕ್ಕ ಇದು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ. ಸುಮಾರು 101 ಚದರ ಮೀಟರ್. ಸಾಲಿನಿಂದ ಸಾಲಿಗೆ 30, ಪೈರಿನಿಂದ ಪೈರಿಗೆ 10 ಸೆಂಟಿಮೀಟರ್ ಬಿಟ್ಟರೆ ಗುಂಟೆಯಲ್ಲಿ ಸುಮಾರು 3,370 ಪೈರುಗಳಿಗೆ ಎಡೆ ದೊರೆಯುತ್ತದೆ. ಸಾವಿರ ರಾಗಿ ಕಾಳಿನ ತೂಕ ಸುಮಾರು 3 ಗ್ರಾಂ. ಹಾಗಾದರೆ ಗುಂಟೆಗೆ 10 ಗ್ರಾಂ ಸಾಕಲ್ಲವೇ?

ಸಾಲದು. ಕಾಳು ಅತಿ ಸಣ್ಣದು. ಆಳಕ್ಕೆ ಬಿದ್ದುದು ಮೇಲೇಳದು. ಇರುವೆ ಹೊತ್ತದ್ದು, ಮಣ್ಣು ಹೆಪ್ಪುಗಟ್ಟಿ ಕಮರಿದ್ದು ಬೇರೆ. ಕೂರಿಗೆಯೂ ಎಣಿಸಿ ಉದುರಿಸುವುದಿಲ್ಲ. ಆದಕಾರಣ ಕೂರಿಗೆ ಬಿತ್ತನೆಗೆ ಎಕರೆಗೆ 4ರಿಂದ 5 ಕಿಲೋ, ಅಂದರೆ ಗುಂಟೆಗೆ 100ರಿಂದ 125 ಗ್ರಾಂ ಬಳಸುವುದು ವಾಡಿಕೆ. ಒಟ್ಲು ಹಾಕಿ ನಾಟಿ ಮಾಡುವವರಿಗೆ ಎಕರೆಗೆ 2 ಕಿಲೋ, ಗುಂಟೆಗೆ 50 ಗ್ರಾಂ ಸಾಕು. ಅಕ್ಕಡಿ ಸಾಲಿನಲ್ಲಿ ಅವರೆ, ತೊಗರಿ ಹಾಕುವವರು ಆ ಸಾಲುಗಳ ಜಾಗವನ್ನು ಲೆಕ್ಕದಿಂದ ಕಳೆಯಬೇಕು.

ಮನೆಯಲ್ಲೇ ಉಳಿಸಿದ ಬೀಜವಾದರೆ ಮೊದಲು ಪರೀಕ್ಷಿಸುವುದು ಒಳಿತು. ನೂರು ಕಾಳನ್ನು ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ತೇವ ಆರದಂತೆ ಎಂಟು ದಿನ ಇಡಬೇಕು. ಮನೆಯ ಮಕ್ಕಳಿಗೆ ಒಪ್ಪಿಸಬಹುದಾದ ಕೆಲಸವಿದು. ಪ್ರಮಾಣಿತ ಬೀಜಕ್ಕೆ ನೂರಕ್ಕೆ 75 ಮೊಳಕೆ ಕನಿಷ್ಠ ಮಟ್ಟ. ಅರವತ್ತೇ ಮೊಳೆತರೆ 5ನ್ನು 75ರಿಂದ ಗುಣಿಸಿ 60ರಿಂದ ಭಾಗಿಸಿರಿ; ಎಕರೆಗೆ ಆರೂಕಾಲು ಕಿಲೋ ಬೇಕಾಗುತ್ತದೆ. ಅದಕ್ಕಿಂತ ಬಹಳ ಕಡಿಮೆಯಾದರೆ ಆ ರಾಗಿ ಹಿಟ್ಟಿಗಿರಲಿ. ಬಿತ್ತನೆಗೆ ಬೇರೆ ಬೀಜ ತರುವುದೇ ಲೇಸು.

ಲೆಕ್ಕ ಇಲ್ಲಿಗೇ ಮುಗಿಯದು. ಹೆಚ್ಚಾಗಿ ಬಿತ್ತಿದ್ದನ್ನು ಎರಡು ಮೂರು ವಾರದೊಳಗೆ ತೆಳುವು ಮಾಡಲೇಬೇಕು. ಮಳೆ ಬಂದ ದಿನ ದಟ್ಟವಾದೆಡೆ ಕಿತ್ತು, ಬರಿದಾದೆಡೆ ನೆಟ್ಟರೆ ಪೈರೂ ವ್ಯರ್ಥವಾಗದು, ಹೊಲವೂ ತುಂಬುತ್ತದೆ. ಕೀಳುವಾಗ ಕೈ ಹಿಂಜರಿಯುವುದು ಸಹಜ. ಆದರೆ ಉಳಿದ ಪೈರಿಗೆ ಬೇರು ಚಾಚಲು ಎಡೆ ಸಿಗುವುದು ಆಗಲೇ. ನಾವು ಅಂದು ತೋರಿದ ಮರುಕ ನಮ್ಮ ಕಣಜಕ್ಕೇ ಎರವಾಯಿತು. ಈ ಮುಂಗಾರಿನಲ್ಲಿ ನಮ್ಮ ಓದುಗ ಬಂಧುಗಳು ಚೀಲ ಬಿಚ್ಚುವ ಮುನ್ನ ಗುಂಟೆಗಳನ್ನು ಎಣಿಸಿ, ಕಾಳನ್ನು ತೂಗಲಿ ಎಂದು ಹಾರೈಸುತ್ತೇವೆ.