ಹೊಟ್ಟಿ ಕೊಯ್ಯುವ ಮೊದಲು ಮನಸ್ಸು ಕೇಳ್ರಿ

ನಾನು ಹಾಡುವವ, ಬರೆಯುವವ ಅಲ್ಲ. ಏಳನೇ ಇಯತ್ತೆ ಮುಗಿಸಿ ಗಳೇ ಹಿಡಿದವ. ವಾಚನಾಲಯದ ಹುಡುಗರು "ಕಾಕಾ, ಕಟ್ಟಿಮ್ಯಾಲ ಕುಂತು ಮಾಡುವ ವಾದ ಹಾಳಿಮ್ಯಾಲ ಮಾಡ್ರಿ" ಅಂದರು, ಅದಕ್ಕ ಬರೀಲಿಕ್ಕತ್ತೀನಿ. ವಾದ ಯಾವುದಂದರ, ದಪ್ಪ ಮೈಯವರ ಹೊಟ್ಟಿ ಕೊಯ್ದು ಸಣ್ಣ ಮಾಡುವ ಆಪರೇಶನ್ನಿನದು. ಈಗ ನಮ್ಮ ಜತ್ತ ತಾಲೂಕಿನಿಂದ ಯಾವ ದೊಡ್ಡ ಊರಿಗೆ ಹೋದರೂ ಅದರ ಬೋರ್ಡು ಕಾಣತಾವ. ಎಡಕ್ಕ ಒಬ್ಬ ದಪ್ಪ ಹೆಣ್ಣಮಗಳು ಮಾರಿ ಸಪ್ಪಗ ಮಾಡಿ ನಿಂತಿರತಾಳ. ಬಲಕ್ಕ ಆಕಿನೇ ತೆಳ್ಳಗಾಗಿ ನಗತಿರತಾಳ. ನಡುವ ಏನಾತು ಅನ್ನೂದು ಬೋರ್ಡಿನ್ಯಾಗ ಇಲ್ಲ.

ಆಪರೇಶನ್ನೇ ಬ್ಯಾಡ ಅಂತ ನಾ ಹೇಳೂದಿಲ್ಲ, ಮೊದಲ ಇದನ್ನ ತಿಳಕೋರಿ. ನನ್ನ ಮೊಮ್ಮಗಳು ನರ್ಸಿಂಗ್ ಓದತಾಳ. ಆಕಿ ತನ್ನ ಪುಸ್ತಕ ತಗದು ನನಗ ಎಲ್ಲಾ ಬಿಡಿಸಿ ಹೇಳ್ಯಾಳ. 'ಸ್ಲೀವ್' ಅಂತ ಒಂದು ಐತಿ. ಅದರಾಗ ಜಠರದ ನೂರಕ್ಕ 75ರಿಂದ 80 ಪಾಲು ಕತ್ತರಿಸಿ ತಗೀತಾರ, ಬಾಳೆಹಣ್ಣಿನಂಥಾ ಒಂದು ಕೊಳವಿ ಉಳೀತದ. 'ಬೈಪಾಸ್' ಅಂತ ಇನ್ನೊಂದು. ಅದರಾಗ ಸಣ್ಣ ಚೀಲದಂಥಾ ಹೊಟ್ಟಿ ಮಾಡಿ ಕರುಳನ್ನ ಅದಕ್ಕ ಜೋಡಸತಾರ. ಸಕ್ಕರಿ ಕಾಯಿಲೆ ಹತೋಟಿಗೆ ಬರತೈತಿ, ಮೊಣಕಾಲ ನೋವು ಇಳೀತೈತಿ. ಸ್ವೀಡನ್ ದೇಶದಾಗ ಸಾವಿರಾರು ಮಂದಿಯನ್ನ ವರ್ಷಾನುಗಟ್ಟಲೆ ನೋಡಿ, ಆಪರೇಶನ್ ಆದವರೊಳಗ ಸಾವು ಕಡಿಮೆ ಅಂತ 2007ರಾಗ ಬರೆದಾರ. ಇದನ್ನೆಲ್ಲಾ ನಾನು ಒಪ್ಪತೀನಿ.

ನನ್ನ ತಕರಾರು ಬ್ಯಾರೆ. ಕೊಯ್ಯೂದು ಹೊಟ್ಟಿ. ಆದರ ತಿನ್ನೂದು ಬರೇ ಹೊಟ್ಟಿ ಏನು?

ನಮ್ಮ ಮಾತಿನ್ಯಾಗ ನೋಡ್ರಿ. ಮತ್ತೊಬ್ಬರ ಬೆಳಿ ಚಲೋ ಬಂದರ ನಮಗ ಹೊಟ್ಟಿಕಿಚ್ಚು. ತಪ್ಪಾದರ "ಹೊಟ್ಟ್ಯಾಗ ಹಾಕ್ಕೋರಿ" ಅಂತೇವಿ. ಉಪಕಾರ ಮಾಡಿದವರಿಗೆ "ನಿನ್ನ ಹೊಟ್ಟಿ ತಣ್ಣಗಿರಲಿ" ಅಂತ ಹರಸತೇವಿ. ಮಗ ಸತ್ತ ತಾಯಿ ಎದೀ ಬಡಕೊಂಡು ಅಳೂದಿಲ್ಲ, ಹೊಟ್ಟಿ ಬಡಕೊಂಡು ಅಳತಾಳ. ಸಿಟ್ಟು, ದುಃಖ, ಕ್ಷಮಾ, ಆಶೀರ್ವಾದ ಎಲ್ಲಾ ಇರೂದು ಹೊಟ್ಟ್ಯಾಗ ಅಂತ ಸಾಲಿ ಕಲಿಯದ ನಮ್ಮ ಅಜ್ಜಿಗೋಳಿಗೆ ಗೊತ್ತಿತ್ತು. ಲಕ್ಷಗಟ್ಟಲೆ ರೊಕ್ಕ ತಗೊಳ್ಳುವ ದವಾಖಾನಿಗೆ ಗೊತ್ತಿಲ್ಲ ಅಂದರ ನಾ ಹ್ಯಾಂಗ ನಂಬಲಿ?

ಹಸಿವು ಮನಸ್ಸಿಗೆ ಏನು ಮಾಡತೈತಿ ಅನ್ನೂದು 72ರ ಬರ ಕಂಡವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನನಗಾಗ ಹನ್ನೆರಡು ವರ್ಷ. ದೊಡ್ಡವರು ಖಡಿ ಒಡಿಲಿಕ್ಕೆ ಹೋಗತಿದ್ದರು, ನಮಗ ಸುಕಡಿ ಕೊಡತಿದ್ದರು. ಪರದೇಶದ ಕೆಂಪು ಜ್ವಾಳ ಬಂತು, ಅದರ ರೊಟ್ಟಿ ಬಡಿಲಿಕ್ಕೆ ಬರತಿರಲಿಲ್ಲ, ಹರೀತಿತ್ತು. ಮುಂದ ಮಳಿ ಬಂತು, ಹಗೇವು ತುಂಬಿದವು. ಆದರ ನಮ್ಮ ಅಜ್ಜಿ ಸಾಯೂತನಾ ತಲಿದಿಂಬಿನ ಕೆಳಗ ಎರಡು ಕಟಿ ರೊಟ್ಟಿ ಇಟಗೊಂಡೇ ಮಲಗತಿದ್ದಳು. ಯಾರರೆ ತಗದರ ನಿದ್ದಿ ಬರತಿರಲಿಲ್ಲ. ಹೊಟ್ಟಿ ತುಂಬಿತ್ತು, ಅಂಜಿಕಿ ತುಂಬಿರಲಿಲ್ಲ.

ಇದನ್ನೇ ಅಮೆರಿಕಾದ ಮಿನೆಸೋಟಾ ವಿಶ್ವವಿದ್ಯಾಲಯದಾಗ ಆನ್ಸೆಲ್ ಕೀಸ್ ಅನ್ನುವವರು 1945ರಾಗ ಪರೀಕ್ಷಾ ಮಾಡಿ ನೋಡಿದರು. ಯುದ್ಧಕ್ಕ ಹೋಗೂದಿಲ್ಲ ಅಂದ 36 ಮಂದಿ ಗಟ್ಟಿಮುಟ್ಟು ಹುಡುಗರು ತಾವಾಗಿ ಒಪ್ಪಿ ಬಂದಿದ್ದರು. ಅವರಿಗೆ ಆರು ತಿಂಗಳ ಅರೆಹೊಟ್ಟಿ ಊಟ ಹಾಕಿದರು. ಮೈ ಕಾಲುಭಾಗ ಇಳೀತು. ಮೈಗಿಂತ ಮನಸ್ಸಿನ ಹಾಡು ಕೇಳ್ರಿ: ತಾಟು ನೆಕ್ಕಲಿಕ್ಕೆ ಹತ್ತಿದರು, ಅಡಿಗಿ ಪುಸ್ತಕ ಓದಿದರು, ಕನಸಿನ್ಯಾಗೂ ಅನ್ನ. ಜೋಕು ನಿಂತು ಸಿಡುಕು ಬಂತು. ಮುಂದ ಊಟ ಕೊಟ್ಟರ ಕೆಲವರು ಹೊಟ್ಟಿ ಬಿರಿಯುವಂಗ ತಿಂದರೂ "ಇನ್ನೂ ಹಸಿವು" ಅಂದರು. ಇವರೇನು ಹೊಟ್ಟಿಬಾಕರಾಗಿದ್ದರ? ಚಲೋ ಮನಿ ಹುಡುಗರು. ಈಗ ನೀವು ದಪ್ಪಗಿರುವಾಕಿಗೆ "ಬಾಯಿ ಕಟ್ಟು, ಒಂದು ಹೊತ್ತು ಉಣ್ಣು" ಅಂತೀರಿ. ಆಕಿ ಆರು ದಿನ ಬಾಯಿ ಕಟ್ಟತಾಳ, ಏಳನೇ ದಿನ ನಡುರಾತ್ರಿ ಎದ್ದು ಡಬ್ಬಿ ಖಾಲಿ ಮಾಡತಾಳ. ಮುಂಜಾನೆ ನಾಚಿಕಿ. ನಾಚಿಕಿಗೆ ಮತ್ತ ಉಪಾಸ. ಸೋಮವಾರ, ಏಕಾದಶಿ, ಶ್ರಾವಣ ಇದ್ದೇ ಇರತಾವ, ಯಾರಿಗೂ ಸಂಶಯ ಬರೂದಿಲ್ಲ. ಹಿಂಗ ಹತೋಟಿ ತಪ್ಪಿ ತಿನ್ನೂದನ್ನ ಅಮೆರಿಕಾದ ಮನೋವೈದ್ಯರು 2013ರ ತಮ್ಮ ಪುಸ್ತಕದಾಗ ಬ್ಯಾರೇನೇ ಒಂದು ಕಾಯಿಲೆ ಅಂತ ಹೆಸರು ಕೊಟ್ಟು ಬರೆದಾರ. ನಾವು ಇನ್ನೂ ಅದಕ್ಕ ಚಪಲ ಅಂತೇವಿ.

ಇನ್ನೊಬ್ಬ ಡಾಕ್ಟರರ ಮಾತು ಹೇಳತೀನಿ. ಸ್ಯಾನ್ ಡಿಯಾಗೋ ಊರಿನ ವಿನ್ಸೆಂಟ್ ಫೆಲಿಟ್ಟಿ. 1980ರ ಆಜೂಬಾಜೂ ದಿನಗಳಾಗ ಅವರು ತೂಕ ಇಳಸುವ ದವಾಖಾನಿ ನಡಸತಿದ್ದರು. ಕೊಯ್ಯೂದಿಲ್ಲ, ಊಟದ ಬದಲಿ ಪುಡಿ ಕೊಟ್ಟು ಇಳಸೂದು. ಒಂದು ವಿಚಿತ್ರ ಕಂಡಿತು. ಅರ್ಧಕ್ಕ ಬಿಟ್ಟು ಹೋಗುವವರು ಯಾರಂದರ, ಚಲೋ ತೂಕ ಇಳೀಲಿಕ್ಕತ್ತಿದವರೇ! ಬೆಳಿ ಬಂದ ಮ್ಯಾಲ ಹೊಲಾ ಬಿಟ್ಟು ಓಡಿದಂಗ. ಆ ಡಾಕ್ಟರರು ಸಿಟ್ಟಾಗಲಿಲ್ಲ, ಒಬ್ಬೊಬ್ಬರನ್ನ ಕೂಡಿಸಿಕೊಂಡು ಕೇಳಿದರು. ಅವರೊಳಗ ಬಹಳ ಮಂದಿಗೆ ಸಣ್ಣಂದಿರಾಗ ಮೈಮ್ಯಾಲ ಅತ್ಯಾಚಾರ ಆಗಿತ್ತು. ತೂಕ ಇಳಿದ ಒಬ್ಬಾಕಿಯನ್ನ ಕೆಲಸದ ಜಾಗಾದಾಗ ಒಬ್ಬ ಗಂಡಸು ಕೆಣಕಿದ ಕೂಡಲೇ ಆಕಿ ಮತ್ತ ತಿಂದು ಮೈ ತುಂಬಿಕೊಂಡಳು. ಮೈ ಆಕಿಗೆ ಗ್ವಾಡಿ ಆಗಿತ್ತು. ನಾವು ರೋಗ ಅಂದದ್ದು ಆಕಿಗೆ ಬಂದೋಬಸ್ತು. ಮುಂದ ಫೆಲಿಟ್ಟಿಯವರು ರಾಬರ್ಟ್ ಆಂಡಾ ಅನ್ನುವವರ ಜೋಡಿ 17,000ಕ್ಕಿಂತ ಹೆಚ್ಚು ಮಂದಿಯ ಬಾಲ್ಯದ ಕಷ್ಟ ಕೇಳಿ ದೊಡ್ಡ ಅಭ್ಯಾಸ ಮಾಡಿದರು. ಅದರ ಮೊದಲ ಲೇಖನ 1998ರಾಗ ಬಂತು. ದಪ್ಪ ಇರುವವರಿಗೆಲ್ಲಾ ಹಿಂಗೇ ಆಗಿರತೈತಿ ಅಂತ ತಿಳೀಬ್ಯಾಡ್ರಿ. ಮನಿತನದ ಮೈಕಟ್ಟು ಐತಿ, ಔಷಧದ ಪರಿಣಾಮ ಐತಿ, ಥೈರಾಯ್ಡು ಐತಿ. ಆದರ ಕೇಳದ ತಿಳಿಯೂದಿಲ್ಲ, ಅಷ್ಟೇ ನನ್ನ ಮಾತು.

ಕೇಳೂದು ಅಂದೆ. ಯಾವ ಭಾಷಾದಾಗ ಕೇಳೂದು? ನನ್ನ ಖರೇ ಜಗಳ ಇಲ್ಲಿಂದ ಶುರು.

ನಮ್ಮ ಸಂಬಂಧಿಕರೊಳಗ ಒಬ್ಬ ಹೆಣ್ಣಮಗಳಿಗೆ ಈ ಆಪರೇಶನ್ ಆತು. ಯಾವ ಊರು, ಯಾವ ದವಾಖಾನಿ ಅನ್ನೂದು ಬ್ಯಾಡ. ಹೊಟ್ಟಿ ಕೊಯ್ಯುವ ಮೊದಲು ಮನಸ್ಸಿನ ತಪಾಸಣಿ ಆಗಬೇಕು ಅಂತ ನಿಯಮ ಹೇಳತೈತಿ, ಅವರೂ ಮಾಡಿದರು. ಹ್ಯಾಂಗ ಮಾಡಿದರು? ಇಂಗ್ಲಿಷ್ ಫಾರ್ಮು, ಮರಾಠಿ ಪ್ರಶ್ನಿ, ಬಾಜೂಕ ಗಂಡ, ಹಿಂದ ಅತ್ತಿ, ಹತ್ತು ನಿಮಿಷ. "ರಾತ್ರಿ ಎದ್ದು ತಿಂತೀರೇನ?" ಅಂದರು. ಅತ್ತಿ ಮುಂದ ಯಾವ ಸೊಸಿ ಹೌದು ಅಂತಾಳ? "ನಾಹೀ" ಅಂದಳು. ಖೂನಾ ಹಾಕಿದರು, ಮುಗೀತು. ಮರಾಠಿ ನಮಗ ಪರಕೀಯ ಅಲ್ಲ, ಸಂತಿಗೆ, ಕಚೇರಿಗೆ, ಸಾಲಿಗೆ ಅದೇ ಬೇಕು, ನಾನೂ ಅದರಾಗ ಅಭಂಗ ಹಾಡತೀನಿ. ಆದರ ಆಕಿಗೆ ಹುಟ್ಟಿದ ಎರಡು ಕೂಸು ತೊಟ್ಟಲದಾಗ ಹೋಗಿದ್ದವು. ಆ ದುಃಖ ಕನ್ನಡದಾಗ ಅತ್ತಿದ್ದಳು. ಹೊಟ್ಟಿ ಕೊಯ್ಯಲಿಕ್ಕೆ ಭಾಷಾ ಬೇಕಾಗಿಲ್ಲ, ಮದ್ದು ಕೊಟ್ಟು ಮಲಗಿಸಿದರ ಆತು. ಮನಸ್ಸು ಬಿಚ್ಚಲಿಕ್ಕೆ ಎಚ್ಚರಿರಬೇಕು, ತನ್ನ ಭಾಷಾ ಬೇಕು.

ಒಂದು ವರ್ಷ ಆಕಿ ಕರಗಿದಳು. ಮಂದಿ ಹೊಗಳಿದರು. ಎರಡನೇ ವರ್ಷದಾಗ ರೊಟ್ಟಿ ಹೊಟ್ಟ್ಯಾಗ ಹಿಡೀಲಿಲ್ಲ, ಆದರ ಬೆಲ್ಲದ ನೀರು ಹಿಡೀತು, ಚಹಾದಾಗ ಅದ್ದಿದ ಬಿಸ್ಕೀಟು ಹಿಡೀತು. ಗುಟುಕು ಗುಟುಕು, ದಿನವೆಲ್ಲಾ. ಹೊಟ್ಟಿ ಸಣ್ಣದಾಗಿತ್ತು, ದುಃಖ ಇದ್ದಷ್ಟೇ ಇತ್ತು, ದುಃಖ ತನ್ನ ದಾರಿ ಹುಡಿಕಿಕೊಂಡಿತು. ಇದು ಒಬ್ಬಾಕಿಯ ಹಾಡಲ್ಲ. ಅಮೆರಿಕಾದಾಗ ಆಪರೇಶನ್ ಆದ 1,945 ಮಂದಿಯನ್ನ ನೋಡಿದ 2012ರ ಅಭ್ಯಾಸ ಏನು ಹೇಳತೈತಿ? ಮೊದಲು ಕುಡಿತದ ತೊಂದರಿ ನೂರಕ್ಕ 7.6 ಮಂದಿಗೆ ಇತ್ತು, ಎರಡನೇ ವರ್ಷಕ್ಕ 9.6 ಆತು. ಬೈಪಾಸ್ ಆದವರಿಗೆ ಸೆರೆ ಲಗೂ ಏರತೈತಿ ಅನ್ನೂದೂ ಅದರ ಒಂದು ಕಾರಣ. ಕೆನಡಾದ ಒಂಟಾರಿಯೋದಾಗ 8,815 ಮಂದಿಯ ದಾಖಲೆ ನೋಡಿದಾಗ, ಆಪರೇಶನ್ ಆದ ಮ್ಯಾಲ ತಮಗ ತಾವೇ ಅಪಾಯ ಮಾಡಿಕೊಂಡು ದವಾಖಾನಿಗೆ ಬಂದದ್ದು ಮೊದಲಿಗಿಂತ ಒಂದೂವರೆ ಪಟ್ಟು ಆಗಿತ್ತು. ಬಹಳ ಮಂದಿಗೆ ಹಿಂಗ ಆಗೂದಿಲ್ಲ, ಅಂಜಬ್ಯಾಡ್ರಿ. ಆದರ ಬೋರ್ಡಿನ ಬಲಗಡೆ ನಗುವಾಕಿಯ ಕೆಳಗ ಇದನ್ನ ಯಾಕ ಬರೆಯೂದಿಲ್ಲ?

ಎದುರು ಮೇಳದವರು ಕೇಳಬಹುದು: "ಡಾಕ್ಟರರು ರೋಗ ನೋಡತಾರ, ಮನಿ ಜಗಳ ನೋಡಲಿಕ್ಕೆ ಅವರಿಗೆ ವ್ಯಾಳ್ಯಾ ಎಲ್ಲಿ?" ರೊಕ್ಕ ಎಣಿಸಲಿಕ್ಕೆ ಬಿಲ್ಲಿನ ಖಿಡಕಿಯಾಗ ಒಬ್ಬನ್ನ ಕೂಡಸಲಿಕ್ಕೆ ವ್ಯಾಳ್ಯಾ ಐತಿ. ಮಾತು ಕೇಳಲಿಕ್ಕೆ ಒಬ್ಬಾಕಿಯನ್ನ ಕೂಡಸ್ರಿ. ಗಂಡನ್ನ ಹೊರಗ ಕಳಸ್ರಿ. ಆಕಿಯ ಮಾತಿನ್ಯಾಗ ಕೇಳ್ರಿ, ಒಮ್ಮಿ ಅಲ್ಲ, ನಾಕು ಸಲ. ಆಪರೇಶನ್ ಆದ ಮ್ಯಾಲ ಗುಳಿಗಿ, ವಿಟಾಮಿನ್ ಜೀವಮಾನವೆಲ್ಲಾ ತಗೋ ಅಂತೀರಲ್ಲ, ಅದರಂಗ ಮನಸ್ಸಿನ ತಪಾಸಣಿನೂ ವರ್ಷಾನುಗಟ್ಟಲೆ ಇರಲಿ. ಸೀಮಿ ಭಾಗದ ದವಾಖಾನ್ಯಾಗ ಕನ್ನಡ ಬಲ್ಲ ಒಬ್ಬರು ಇರಬೇಕು ಅಂತ ಕೇಳೂದು ಭಾಷಾ ಜಗಳ ಅಲ್ಲ, ಔಷಧದ ಮಾತು. ಅಲ್ಲೀತನಾ, ಸರಕಾರ 2022ರಾಗ ಸುರು ಮಾಡಿದ ಟೆಲಿ ಮಾನಸ್ ಐತಿ. 14416ಕ್ಕ ಫೋನ್ ಹಚ್ಚರಿ, ರೊಕ್ಕ ಇಲ್ಲ. ಅದರ ಭಾಷಾಗಳಾಗ ಕನ್ನಡನೂ ಐತಿ.

ದವಾಖಾನಿಗೆ ಅಂದದ್ದಾತು. ಈಗ ನಮ್ಮ ಹಾಡಕಿ ಮಂದಿಗೆ. ನಾವು ನಾಗೇಶಿಯವರು, ಹೆಣ್ಣು ಹೆಚ್ಚು ಅಂತ ಹಾಡಿ ಹೊಟ್ಟಿ ಹೊರಕೊಳ್ಳುವವರು. ಹರದೇಶಿಯವರು ಗಂಡು ಹೆಚ್ಚು ಅಂತಾರ, ಅನ್ನಲಿ, ಅದು ಆಟದ ನಿಯಮ. ಆದರ ಎರಡೂ ಕಡೆ ಮೇಳದಾಗ ಒಂದು ಚಾಳಿ ಬೆಳದೈತಿ. ಮಂದಿ ನಗಬೇಕು ಅಂದರ ದಪ್ಪ ಹೆಣ್ಣಮಗಳನ್ನ ಎಮ್ಮಿ, ಹಗೇವು, ಚಕ್ಕಡಿ ಮುರಿಯುವಾಕಿ ಅಂತ ಎತ್ತೂದು. ಜಾತ್ರ್ಯಾಗ ಗಂಡಸರು ಸೀಟಿ ಹೊಡೀತಾರ. ಹೆಂಗಸರ ಸಾಲಿನ್ಯಾಗ ಒಬ್ಬಾಕಿ ಸೆರಗು ಮಾರಿಮ್ಯಾಲ ಎಳಕೊಂಡು ನಗತಾಳ, ಮನಿಗೆ ಹೋಗಿ ಏನು ಮಾಡತಾಳ ನೋಡಿದವರಿಲ್ಲ. ಬೀಗರ ಕಡೆಯವರೂ ಹಂಗೇ. ಹುಡುಗಿ ನೋಡಲಿಕ್ಕೆ ಬಂದು ಅವಲಕ್ಕಿ ತಿಂದು, ಹೋಗುವಾಗ "ಸ್ವಲ್ಪ ಇಳಿಯಬೇಕಿತ್ತು" ಅಂತ ಹೇಳಿ ಹೋಗತಾರ. ಆ ಹುಡುಗಿ ಅವತ್ತಿನಿಂದ ಉಂಡದ್ದನ್ನ ಹಿತ್ತಲದಾಗ ಬೆರಳು ಹಾಕಿ ಕಾರಲಿಕ್ಕೆ ಸುರು ಮಾಡತಾಳ. ಫಿಜಿ ದ್ವೀಪದಾಗ ತುಂಬಿದ ಮೈಯೇ ಚಂದ ಅಂತಿದ್ದರು. 1995ರಾಗ ಟಿವಿ ಬಂತು. ಮೂರು ವರ್ಷದಾಗ ಸಾಲಿ ಹುಡುಗ್ಯಾರೊಳಗ ನೂರಕ್ಕ 11 ಮಂದಿ ತೆಳ್ಳಗಾಗಲಿಕ್ಕೆ ಕಾರಿಕೊಳ್ಳತಿದ್ದರು. ಮೊದಲು ಅಂಥಾವರು ಒಬ್ಬರೂ ಸಿಕ್ಕಿರಲಿಲ್ಲ. ಒಂದು ಪೆಟ್ಟಿಗಿ ಇಷ್ಟು ಮಾಡಿದರ, ಎದುರಿಗೆ ನಿಂತು ದಪ್ಪು ಬಡಿದು ಹಾಡುವ ನಾವು ಎಷ್ಟು ಮಾಡತಿರಬೇಕು?

ಬರುವ ಯುಗಾದಿ ಜಾತ್ರಿಗೆ ನಮ್ಮ ಮೇಳ ವೀಳ್ಯ ಹಿಡಿದೈತಿ. ಪಂಚರಿಗೆ ಮೊದಲೇ ಹೇಳಿ ಕಳಸೀನಿ: ಎದುರಿನವರು ನಮ್ಮನ್ನ ಶಾಸ್ತ್ರದಾಗ ಸೋಲಸಲಿ, ಸವಾಲಿನ್ಯಾಗ ಸೋಲಸಲಿ, ಬೆಳತನಕ ಹಾಡತೇವಿ. ಎಮ್ಮಿ ಪದ ಎತ್ತಿದರ ಮಾತ್ರ ದಪ್ಪು ಅಲ್ಲೇ ಕೆಳಗಿಡತೇವಿ, ಇಸಾರದ ರೊಕ್ಕ ಎಣಿಸಿ ತಿರುಗಿ ಕೊಡತೇವಿ.