ಮಳೆಗಾಲಕ್ಕೆ ಅಂಜದ ಪೆಟ್ಟಿಗೆ

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳಲ್ಲಿ ಆಷಾಢಮಾಸಕ್ಕೆ ತಪ್ಪದೆ ಒದಗುವ ಕಷ್ಟವೊಂದುಂಟು. ಚೈತ್ರದಲ್ಲಿ ಒಂದೇ ಬೆರಳಿಗೆ ತೆರೆಯುತ್ತಿದ್ದ ಪೆಟ್ಟಿಗೆಯ ಮುಚ್ಚಳವು ಆಗ ಬಿಗಿದುಕೊಂಡು, ಗುದ್ದಿದರೂ ಏಳದಂತಾಗುತ್ತದೆ. ಒಳಗೆ ಒಡವೆಯೋ ಜಮೀನಿನ ಕಾಗದಪತ್ರಗಳೋ ಇದ್ದು ತುರ್ತು ಬಿದ್ದಾಗ ಯಾರಾದರೊಬ್ಬರು ಕತ್ತಿಯ ಮೊನೆಯಿಂದ ಮೀಟುತ್ತಾರೆ. ಅಂಚಿನಲ್ಲಿ ಕೊರೆದ ಹೂಬಳ್ಳಿಯು ಚಕ್ಕೆಯಾಗಿ ಹಾರಿಹೋಗುತ್ತದೆ. ಬೇಸಿಗೆ ಬಂದೊಡನೆ ಅದೇ ಹಲಗೆಯು ಒಣಗಿ ಮೊಳೆಗಳ ಸಾಲಿನಲ್ಲಿ ಸೀಳುತ್ತದೆ. ಮರ ಕೆಟ್ಟದ್ದೆಂದು ದೂರುವುದು ವಾಡಿಕೆ. ನಮ್ಮ ಅಭಿಪ್ರಾಯದಲ್ಲಿ ಅಪರಾಧವು ಮರದ್ದಲ್ಲ, ಜೋಡಣೆಯದು.

ಮರವು ಕಡಿದ ಮೇಲೂ ಗಾಳಿಯ ತೇವವನ್ನು ಹೀರುತ್ತಲೂ ಬಿಡುತ್ತಲೂ ಇರುವ ಪದಾರ್ಥ. ಹೀರಿದಾಗ ಅಗಲದಲ್ಲಿ ಹಿಗ್ಗುತ್ತದೆ. ಎಳೆಯ ಉದ್ದಕ್ಕೆ ಹಿಗ್ಗುವುದು ಲೆಕ್ಕಕ್ಕೆ ಬಾರದಷ್ಟು. ಎಂಟು ಅಂಗುಲ ಅಗಲದ ಸಾಗುವಾನಿ ಹಲಗೆಯೂ ಬೇಸಿಗೆಗೂ ಮಳೆಗಾಲಕ್ಕೂ ನಡುವೆ ಅಂಗುಲದ ಎಂಟನೆಯ ಒಂದು ಪಾಲಿನಷ್ಟು ಬೆಳೆಯಬಹುದು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಇಂತಹ ಸೀಮೆಯಲ್ಲಿ ಮರವನ್ನು ಮೊಳೆಯಿಂದ ಕಟ್ಟಿಹಾಕುವೆನೆಂಬುದು ವ್ಯರ್ಥ ಹಠ.

ನಮ್ಮ ಹಿರಿಯರು ಇದನ್ನು ಬಲ್ಲವರು. ಮಯಮತ, ಮಾನಸಾರಗಳೆಂಬ ಶಿಲ್ಪಗ್ರಂಥಗಳೆರಡರಲ್ಲಿಯೂ ಮರದ ಜೋಡಣೆಗೆಂದೇ ಒಂದು ಅಧ್ಯಾಯವಿದೆ. ಅದರ ಹೆಸರು ಸಂಧಿಕರ್ಮ. ವ್ಯಾಕರಣದ ಸಂಧಿಯನ್ನು ಬಹುಕಾಲ ಪಾಠ ಹೇಳಿದ ನಮಗೆ ಈ ಹೆಸರು ಬಲು ಹಿತವಾಗಿದೆ. ಭೇದವಿಷ್ಟೇ: ಬಡಗಿಯ ಸಂಧಿಯಲ್ಲಿ ಲೋಪವುಂಟು, ಆಗಮವಿಲ್ಲ, ಉಳಿಯು ತೆಗೆದುದನ್ನು ಮತ್ತೆ ತಂದಿಡಲಾಗದು.

ಹನ್ನೆರಡು ಅಂಗುಲ ಉದ್ದ, ಎಂಟು ಅಗಲ, ಆರು ಎತ್ತರದ ಪೆಟ್ಟಿಗೆಯನ್ನು ಮಾಡಿಸುವುದೆಂದು ಇಟ್ಟುಕೊಳ್ಳೋಣ. ನಾಲ್ಕು ಮೂಲೆಗೆ ಒಂದೂಕಾಲು ಅಂಗುಲ ಚೌಕದ ನಾಲ್ಕು ಪುಟ್ಟ ಕಂಬಗಳು. ಅವುಗಳ ನಡುವೆ ಮೇಲೊಂದು ಕೆಳಗೊಂದರಂತೆ ಮುಕ್ಕಾಲು ಅಂಗುಲ ದಪ್ಪದ ಅಡ್ಡಪಟ್ಟಿಗಳು. ಪಟ್ಟಿಯ ತುದಿಯಲ್ಲಿ ದಪ್ಪದ ಮೂರನೆಯ ಒಂದು ಪಾಲನ್ನು ಮಾತ್ರ ಉಳಿಸಿ ಮುಕ್ಕಾಲು ಅಂಗುಲ ಉದ್ದದ ನಾಲಿಗೆಯನ್ನು ತೆಗೆಯಬೇಕು; ಕಂಬದಲ್ಲಿ ಅದಕ್ಕೆ ಸರಿಯಾದ ತೂತನ್ನು ಕೊರೆಯಬೇಕು. ಮೊದಲು ತೂತು, ಅನಂತರ ಅದನ್ನು ನೋಡಿಕೊಂಡು ನಾಲಿಗೆ; ದಪ್ಪನಾದ ನಾಲಿಗೆಯನ್ನು ಕೀಸಿ ಸರಿಪಡಿಸಬಹುದು, ದೊಡ್ಡದಾದ ತೂತಿಗೆ ಔಷಧವಿಲ್ಲ. ಎರಡು ಕಡೆಯ ನಾಲಿಗೆಗಳು ಕಂಬದೊಳಗೆ ಎದುರುಬದುರಾಗುವುದರಿಂದ ಅವುಗಳ ತುದಿಯನ್ನು ಓರೆಯಾಗಿ ಕತ್ತರಿಸತಕ್ಕದ್ದು. ನಾಲಿಗೆಯು ಕೈಯಿಂದ ಒತ್ತಿದರೆ ಅರ್ಧ ಹೋಗಿ, ಕೊಡತಿಯ ಎರಡು ಮೆಲುಪೆಟ್ಟಿಗೆ ಪೂರ್ತಿ ಕೂರುವಂತಿರಬೇಕು.

ಬಿಗಿಯುವುದಕ್ಕೆ ಬಿದಿರಿನ ಮೊಳೆ. ಇಲ್ಲಿ ಒಂದು ಜಾಣತನವುಂಟು: ನಾಲಿಗೆಯಲ್ಲಿನ ರಂಧ್ರವನ್ನು ಕಂಬದ ರಂಧ್ರದ ನೇರಕ್ಕೆ ಕೊರೆಯದೆ, ಒಂದು ಎಳ್ಳಿನಷ್ಟು ಪಟ್ಟಿಯ ಕಡೆಗೆ ಸರಿಸಿ ಕೊರೆಯುತ್ತಾರೆ. ಮೊಳೆಯು ಒಳಹೊಕ್ಕಂತೆಲ್ಲ ಪಟ್ಟಿಯು ತಾನಾಗಿಯೇ ಕಂಬಕ್ಕೆ ಒತ್ತರಿಸಿಕೊಳ್ಳುತ್ತದೆ. ಅಂಟು ಬೇಕಿಲ್ಲ. ಮುಂದೊಂದು ದಿನ ಪಟ್ಟಿ ಮುರಿದರೆ ಮೊಳೆಯನ್ನು ಹೊರತಳ್ಳಿ ಆ ಒಂದನ್ನೇ ಬದಲಾಯಿಸಬಹುದು.

ಮುಚ್ಚಳವನ್ನೂ ಹೀಗೆಯೇ ಒಂದೂಕಾಲು ಅಂಗುಲ ಅಗಲದ ಪಟ್ಟಿಗಳ ಚೌಕಟ್ಟಾಗಿ ಮಾಡಿ, ಒಳ ಅಂಚಿನಲ್ಲಿ ಕಾಲಂಗುಲ ಆಳದ ತೋಡನ್ನು ತೆಗೆದು, ಅದರಲ್ಲಿ ನಡುಹಲಗೆಯನ್ನು ಕೂರಿಸುತ್ತಾರೆ. ಈ ಹಲಗೆಗೆ ಅಂಟೂ ಇಲ್ಲ, ಮೊಳೆಯೂ ಇಲ್ಲ. ಬೇಸಿಗೆಯಲ್ಲಿ ಮಾಡಿದರೆ ಅಗಲದ ಎರಡು ಕಡೆಯೂ ಅಂಗುಲದ ಹದಿನಾರನೆಯ ಒಂದು ಪಾಲು ಎಡೆ ಬಿಡಬೇಕು. ಮಳೆ ಬಂದಾಗ ಹಲಗೆಯು ತೋಡಿನೊಳಗೇ ಹಿಗ್ಗಿ ಸುಮ್ಮನಾಗುತ್ತದೆ. ಹೊರಗೆ ಬೆಳೆಯುವುದು ಎರಡು ಕಿರುಪಟ್ಟಿಗಳ ಅಗಲವಷ್ಟೇ. ಮುಚ್ಚಳವು ಬಿಗಿಯುವುದಿಲ್ಲ, ಬೇಸಿಗೆಯಲ್ಲಿ ಸೀಳುವುದೂ ಇಲ್ಲ.

ಅಲಂಕಾರವೆಲ್ಲ ಈ ನಡುಹಲಗೆಗೆ, ಅದೂ ಜೋಡಿಸುವುದಕ್ಕೆ ಮುಂಚೆ. ಸಾಗರ, ಸೊರಬದ ಗುಡಿಗಾರರು ಶ್ರೀಗಂಧದಲ್ಲಿ ಕೊರೆಯುವ ಬಳ್ಳಿ, ಹಂಸ, ದೇವತಾಮೂರ್ತಿಗಳ ಸೂಕ್ಷ್ಮವನ್ನು ಹೊಗಳುವವರು ಬಹಳ. ಕರಡಿಗೆಯನ್ನು ತಿರುಗಿಸಿ ಮೂಲೆಯ ಸಂಧಿಯನ್ನು ನೋಡುವವರು ವಿರಳ. ಕೆತ್ತನೆಗೆ ದುಡ್ಡು ಸುರಿದು ಜೋಡಣೆಯಲ್ಲಿ ಜಿಪುಣತನ ತೋರಿದರೆ ಎರಡೂ ನಷ್ಟ. ಇನ್ನು ಶ್ರೀಗಂಧವೇ ಬೇಕೆಂಬ ಹಂಬಲವೂ ಸಲ್ಲದು. 2001ರ ತಿದ್ದುಪಡಿಯಿಂದ ಬೆಳೆದವನಿಗೇ ಮರದ ಒಡೆತನ ಬಂದಿದ್ದರೂ ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕು. ಬೆಲೆಯಂತೂ ಸಾಮಾನ್ಯ ಗೃಹಸ್ಥನ ಕೈಗೆಟುಕದು. ಚೌಕಟ್ಟಿಗೆ ಹಲಸು ಇಲ್ಲವೆ ಸಾಗುವಾನಿ, ಕೆತ್ತನೆಯ ಹಲಗೆಗೆ ಮೃದುವಾದ ಶಿವನೆ ಧಾರಾಳವಾಗಿ ಸಾಕು.

ಮಾಡಿಸುವವರು ಮಾಘ, ಫಾಲ್ಗುಣದಲ್ಲಿ, ಒಂದೆರಡು ವರ್ಷ ನೆರಳಿನಲ್ಲಿ ಒಣಗಿದ ಮರದಿಂದ ಮಾಡಿಸತಕ್ಕದ್ದು. ಎಣ್ಣೆಯನ್ನಾಗಲಿ ಮೆರುಗನ್ನಾಗಲಿ ಹೊರಗೆ ಬಳಿದಷ್ಟೇ ಒಳಗೂ ಬಳಿಯಿಸಿರಿ. ಒಂದೇ ಮುಖಕ್ಕೆ ಬಳಿದ ಹಲಗೆಯು ಡೊಂಕಾಗುತ್ತದೆ. ಬಿಜಾಗರಿಗೂ ತಿರುಪುಮೊಳೆಗೂ ಹಿತ್ತಾಳೆಯೇ ಆಗಬೇಕು; ಕಬ್ಬಿಣವಾದರೆ ನಮ್ಮ ಮಳೆಗೆ ಎರಡನೆಯ ವರ್ಷವೇ ತುಕ್ಕು ಹಿಡಿದು ಮರಕ್ಕೆ ಕರಿಯ ಕಲೆ ಬೀಳುತ್ತದೆ.