ದೋಷವನ್ನು ಹುಡುಕುವುದೂ ಪ್ರಯೋಗವೇ

ಭೌತಶಾಸ್ತ್ರವು ಪ್ರಯೋಗಶಾಲೆಯ ಬಾಗಿಲನ್ನು ದಾಟಿ ಹೊರಗೆ ಬರುವುದಿಲ್ಲವೆಂಬ ಭಾವನೆ ನಮ್ಮ ವಿದ್ಯಾರ್ಥಿಗಳಲ್ಲಿ ಆಳವಾಗಿ ಬೇರೂರಿದೆ. ಓಮನ ನಿಯಮವನ್ನು ಉತ್ತರಪತ್ರಿಕೆಯಲ್ಲಿ ತಪ್ಪಿಲ್ಲದೆ ಬರೆಯುವ ತರುಣನು, ಮನೆಯ ಕಂಪ್ಯೂಟರಿಗೆ ಜೋಡಿಸಿದ ಯು.ಎಸ್.ಬಿ. ಹಬ್ ಕೆಲಸಮಾಡದೆ ಹೋದಾಗ ಆ ನಿಯಮವನ್ನು ನೆನೆಯುವುದೇ ಇಲ್ಲ. ತಂತಿಯನ್ನು ಕೀಳುತ್ತಾನೆ, ಮತ್ತೆ ಚುಚ್ಚುತ್ತಾನೆ, ಅಲುಗಿಸಿ ನೋಡುತ್ತಾನೆ. ಕೊನೆಗೆ “ಇದು ಕೆಟ್ಟಿದೆ” ಎಂದು ತೀರ್ಪಿತ್ತು ಹೊಸದನ್ನು ಕೊಳ್ಳಲು ಹೊರಡುತ್ತಾನೆ. ಹೊಸದೂ ಹಾಗೆಯೇ ವರ್ತಿಸಿದರೆ ಅದೃಷ್ಟವನ್ನು ಹಳಿಯುತ್ತಾನೆ. ಇದು ವಿಜ್ಞಾನದ ರೀತಿಯಲ್ಲವೆಂಬುದೇ ನಮ್ಮ ವಾದ.

ಕಂಪ್ಯೂಟರಿನ ಒಂದು ಕಿಂಡಿಯನ್ನು ನಾಲ್ಕೋ ಏಳೋ ಕಿಂಡಿಗಳಾಗಿ ಹಂಚಿಕೊಡುವ ಸಣ್ಣ ಪೆಟ್ಟಿಗೆಯೇ ಹಬ್. ಯು.ಎಸ್.ಬಿ. ಪದ್ಧತಿಯ ಮೊದಲ ನಿಯಮಾವಳಿ 1996ರಲ್ಲಿ ಪ್ರಕಟವಾಯಿತು. ಎರಡನೆಯ ಆವೃತ್ತಿ 2000ನೆಯ ಇಸವಿಯಲ್ಲಿಯೂ ಮೂರನೆಯದು 2008ರಲ್ಲಿಯೂ ಹೊರಬಂದುವು. ಎರಡನೆಯ ಆವೃತ್ತಿಯ ತಂತಿಯೊಳಗೆ ನಾಲ್ಕು ಎಳೆಗಳಿವೆ. ಎರಡು ವಿದ್ಯುಚ್ಛಕ್ತಿಯನ್ನು ಒಯ್ಯುತ್ತವೆ. ಇನ್ನೆರಡು ಮಾಹಿತಿಯನ್ನು ಒಯ್ಯುತ್ತವೆ. ಹಬ್ಬಿನ ದೀಪ ಉರಿದ ಮಾತ್ರಕ್ಕೆ ಎಲ್ಲವೂ ಸರಿಯಾಗಿದೆಯೆನ್ನಲಾಗದು. ಫೋನುಗಳಿಗೆ ಶಕ್ತಿ ತುಂಬುವುದಕ್ಕೆಂದೇ ಮಾಡಿದ ಕೆಲವು ತಂತಿಗಳಲ್ಲಿ ಮಾಹಿತಿಯ ಎಳೆಗಳೇ ಇರುವುದಿಲ್ಲ. ಅಂತಹ ತಂತಿಯನ್ನು ಬಳಸಿದರೆ ದೀಪವೇನೋ ಉರಿಯುತ್ತದೆ. ಕಂಪ್ಯೂಟರಿಗೆ ಮಾತ್ರ ಹಬ್ಬಿನ ಸುಳಿವೇ ಸಿಗುವುದಿಲ್ಲ.

ಇನ್ನು ಶಕ್ತಿಯ ಲೆಕ್ಕವನ್ನು ನೋಡೋಣ. ಎರಡನೆಯ ಆವೃತ್ತಿಯ ನಿಯಮದಂತೆ ಕಂಪ್ಯೂಟರಿನ ಒಂದು ಕಿಂಡಿಯಿಂದ 5 ವೋಲ್ಟ್ ವಿಭವದಲ್ಲಿ 500 ಮಿಲಿಆಂಪಿಯರ್, ಅಂದರೆ 2.5 ವ್ಯಾಟ್ ದೊರೆಯುತ್ತದೆ. ಸ್ವಂತ ಅಡಾಪ್ಟರ್ ಇಲ್ಲದ ಹಬ್ ಇಷ್ಟರಲ್ಲಿಯೇ ಸಂಸಾರ ಸಾಗಿಸಬೇಕು. ತನ್ನ ಖರ್ಚಿಗೆ 100 ತೆಗೆದಿಟ್ಟುಕೊಂಡರೆ ನಾಲ್ಕು ಕಿಂಡಿಗಳಿಗೆ ತಲಾ 100 ಮಿಲಿಆಂಪಿಯರ್ ಉಳಿಯಿತು. ಮೌಸಿಗೂ ಕೀಲಿಮಣೆಗೂ ಇದು ಧಾರಾಳವಾಗಿ ಸಾಕು. ಆದರೆ ಒಳಗೆ ತಟ್ಟೆ ತಿರುಗುವ ಹಾರ್ಡ್ ಡಿಸ್ಕ್ 500 ಮಿಲಿಆಂಪಿಯರನ್ನೋ ಅದಕ್ಕೂ ಹೆಚ್ಚನ್ನೋ ಬೇಡುವುದುಂಟು. ಮೇಲಾಗಿ, ತಂತಿಯ ರೋಧ ಅರ್ಧ ಓಮ್ ಎಂದಿಟ್ಟುಕೊಂಡರೆ ಅದರಲ್ಲಿ ಹರಿಯುವ ಅರ್ಧ ಆಂಪಿಯರ್ ಪ್ರವಾಹವು ಕಾಲು ವೋಲ್ಟನ್ನು ದಾರಿಯಲ್ಲಿಯೇ ಕಳೆಯುತ್ತದೆ. ಡಿಸ್ಕ್ ಒಮ್ಮೆ ಕಾಣಿಸಿಕೊಂಡು ಮರುಕ್ಷಣದಲ್ಲಿ ಮಾಯವಾದರೆ ಅದರಲ್ಲಿ ಮಾಯೆಯೇನೂ ಇಲ್ಲ, ಓಮನ ನಿಯಮವಿದೆ.

ಹಾಗಾದರೆ ದೋಷವನ್ನು ಹುಡುಕುವ ಬಗೆ ಹೇಗೆ? ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಉಳಿದೆಲ್ಲವೂ ಇದ್ದಂತೆಯೇ ಇರಬೇಕು. ಮೊದಲು ಹಬ್ಬನ್ನು ತೆಗೆದು, ಉಪಕರಣವನ್ನು ನೇರವಾಗಿ ಕಂಪ್ಯೂಟರಿಗೆ ಜೋಡಿಸಿ. ಆಗಲೂ ನಡೆಯದಿದ್ದರೆ ಹಬ್ಬನ್ನು ದೂಷಿಸಲು ಆಧಾರವಿಲ್ಲ. ನಡೆದರೆ, ಹಬ್ಬನ್ನು ಅದೇ ಕಿಂಡಿಗೆ ಸೇರಿಸಿ ಅದಕ್ಕೆ ಮೌಸೊಂದನ್ನೇ ಜೋಡಿಸಿ. ಮೌಸು ನಡೆದು ಡಿಸ್ಕ್ ನಡೆಯದಿದ್ದರೆ ಶಕ್ತಿಯ ಅಭಾವವೆಂದು ಊಹಿಸಬಹುದು. ಹಬ್ಬಿಗೆ ತಕ್ಕ ಅಡಾಪ್ಟರನ್ನು ಕೊಟ್ಟಾಗ ಡಿಸ್ಕ್ ನಡೆದರೆ ಆ ಊಹೆ ದೃಢಪಟ್ಟಿತು. ಅಡಾಪ್ಟರಿನ ವೋಲ್ಟೇಜು ಹಬ್ಬಿನ ಮೇಲೆ ಬರೆದುದಕ್ಕೆ ಸರಿಹೊಂದುವುದೇ ಎಂದು ಮೊದಲೇ ನೋಡಿಕೊಳ್ಳುವುದನ್ನು ಮರೆಯಬಾರದು. ಮೌಸೂ ನಡೆಯದಿದ್ದರೆ ತಂತಿಯನ್ನು ಬದಲಿಸಿ, ಆಮೇಲೆ ಕಿಂಡಿಯನ್ನು ಬದಲಿಸಿ, ಕಡೆಗೆ ಬೇರೊಂದು ಕಂಪ್ಯೂಟರಿನಲ್ಲಿ ಪರೀಕ್ಷಿಸಿ. ಅಲ್ಲಿ ನಡೆದರೆ ದೋಷವಿರುವುದು ಮೊದಲ ಕಂಪ್ಯೂಟರಿನ ಕಿಂಡಿಗಳಲ್ಲಿ ಅಥವಾ ಅದರ ತಂತ್ರಾಂಶದಲ್ಲಿ. ಅಲ್ಲಿಯೂ ನಡೆಯದಿದ್ದರೆ ಮಾತ್ರ ಹಬ್ ಕೆಟ್ಟಿದೆಯೆಂಬ ತೀರ್ಪು ನ್ಯಾಯವಾದೀತು. ಪ್ರತಿಯೊಂದು ಹೆಜ್ಜೆಯ ಫಲವನ್ನೂ ಕಾಗದದಲ್ಲಿ ಬರೆದಿಡುವುದು ಒಳ್ಳೆಯದು.

ಅಗ್ಗದ ಪೆಟ್ಟಿಗೆಯೊಂದಕ್ಕೆ ಇಷ್ಟು ಶ್ರಮವೇಕೆ ಎಂದು ಕೆಲವರು ಕೇಳಬಹುದು. ಕಾರಣ ತಿಳಿಯದೆ ಎಸೆದ ಒಳ್ಳೆಯ ಉಪಕರಣವೂ ಕಸವೇ ಆಗುತ್ತದೆ. ಆದರೆ ಹಣಕ್ಕಿಂತಲೂ ದೊಡ್ಡ ನಷ್ಟ ಇನ್ನೊಂದಿದೆ. ಊಹೆ ಮಾಡಿ, ಪರೀಕ್ಷಿಸಿ, ಸುಳ್ಳಾದುದನ್ನು ಬಿಟ್ಟು ಮುಂದೆ ನಡೆಯುವ ಅಭ್ಯಾಸವು ಪುಸ್ತಕದಿಂದ ಬರುವುದಿಲ್ಲ. ಕೈಗೆ ಸಿಕ್ಕಿದ ಇಂತಹ ಅವಕಾಶಗಳಿಂದಲೇ ಬರಬೇಕು. ಕಾಲೇಜಿನ ಪ್ರಯೋಗಶಾಲೆಗಳಲ್ಲಿ ಉಪಕರಣಗಳನ್ನು ಮೊದಲೇ ಸರಿಮಾಡಿ ವಿದ್ಯಾರ್ಥಿಯ ಮುಂದಿಡುವುದು ವಾಡಿಕೆ. ಉತ್ತರ ಮೊದಲೇ ಗೊತ್ತಿರುವ ಪ್ರಯೋಗದಲ್ಲಿ ಸಂಶಯಕ್ಕೆ ಎಡೆಯೆಲ್ಲಿ? ವರ್ಷಕ್ಕೊಮ್ಮೆಯಾದರೂ ಬೇಕೆಂದೇ ಒಂದು ದೋಷವನ್ನು ಅಡಗಿಸಿಟ್ಟ ಉಪಕರಣವನ್ನು ಕೊಟ್ಟು, ಅದನ್ನು ಕಂಡುಹಿಡಿದ ಕ್ರಮಕ್ಕೆ ಅಂಕಗಳನ್ನು ಕೊಡಬೇಕೆಂದು ನಮ್ಮ ಅಭಿಪ್ರಾಯ. ನಡೆಯದ ಹಬ್ಬೊಂದು ಅದಕ್ಕೆ ಸಾಕು.

ಅಲ್ಲಿಯವರೆಗೆ ವಿದ್ಯಾರ್ಥಿಗಳು ಕಾಯಬೇಕಾಗಿಲ್ಲ. ಮನೆಯ ಮೇಜಿನ ಮೇಲೆಯೇ ಪ್ರಯೋಗಶಾಲೆ ತೆರೆದಿದೆ.